ಮಾಮ ನಿರ್ಮಾಪಕ, ಮಕ್ಕಳೇ ಡೈರೆಕ್ಟರು! ಕೊಂಡ್ಲಹಳ್ಳಿ ಪಡಸಾಲೆಯಲ್ಲಿ ಪುಟಾಣಿ ಟಾಕೀಸು

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು, ಕಿಟಕಿ ಪಕ್ಕದ ಸೀಟು ಹಿಡಿದು, ಕೊಂಡ್ಲಹಳ್ಳಿಯ ಅಕ್ಕನ ಮನೆಗೆ ಹೊರಟಿದ್ದೀರಿ ಅಂತಿಟ್ಟುಕೊಳ್ಳಿ. ಹೊಸ್ತಿಲು ದಾಟುವ ಮೊದಲೇ ಅಕ್ಕನ ಮಕ್ಕಳ ದಂಡು ಮುತ್ತಿಗೆ ಹಾಕುತ್ತದೆ. ಪ್ರೀತಿ ನಿಮ್ಮ ಮೇಲಲ್ಲ ಸ್ವಾಮಿ, ನಿಮ್ಮ ಜೇಬಿನ ಮೇಲೆ!

"ಮಾಮ, ಮೊಬೈಲ್ ಕೊಡು ಮಾಮ!"

ಕೊಟ್ಟಿರೋ, ಮುಗೀತು ಕಥೆ. ಅಲ್ಲಿ ಛೋಟಾ ಭೀಮ ಲಡ್ಡು ತಿನ್ನುತ್ತಾನೆ, ಇಲ್ಲಿ ಮಕ್ಕಳು ಊಟ ಮರೆಯುತ್ತಾರೆ. ಕೊಡದಿದ್ದರೆ ಅಳು, ರಂಪ. ಅಡುಗೆ ಮನೆಯಿಂದ ಅಕ್ಕನ ದನಿ: "ನೀನು ಬಂದಾಗಲೆಲ್ಲ ಇವು ಹಿಂಗೇ ಕೆಡ್ತಾವೆ ಕಣೋ!"

ಹಾಗಾದರೆ ಏನು ಮಾಡೋದು? ಮೊಬೈಲ್ ಕೊಡಿ. ಆದರೆ ನೋಡೋಕಲ್ಲ, ಸಿನಿಮಾ ಮಾಡೋಕೆ! ಹೇಗೆ ಅಂತೀರಾ? ಮುಂದೆ ಓದಿ.

ಕಪ್ಪು ಬಿಳುಪಿನ ಮಜಾ

ಮೊದಲ ಕೆಲಸ ಜೆರಾಕ್ಸ್ ಅಂಗಡಿಯಲ್ಲಿ. ಮಕ್ಕಳಿಗೆ ಇಷ್ಟವಾದ ಕಾರ್ಟೂನ್ ಪಾತ್ರಗಳ ಬಣ್ಣ ತುಂಬುವ ಹಾಳೆಗಳು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಬರೀ ಗೆರೆಯ ಚಿತ್ರ, ಒಳಗೆಲ್ಲ ಖಾಲಿ. ಗೆರೆ ದಪ್ಪಗಿರುವ, ಪಾತ್ರ ಪೂರ್ತಿ ನಿಂತಿರುವ ಚಿತ್ರಗಳನ್ನೇ ಆರಿಸಿ. ಕಪ್ಪು ಬಿಳುಪು ಪ್ರಿಂಟ್ ಸಾಕು. ಒಂದೊಂದು ಪಾತ್ರಕ್ಕೆ ಎರಡೆರಡು ಪ್ರತಿ ಹೊಡೆಸಿ. ಯಾಕೆ ಎರಡು ಅನ್ನೋದು ಆಮೇಲೆ ಗೊತ್ತಾಗುತ್ತೆ. ಮನೆಯ ಮಕ್ಕಳಿಗೆ ಇದು ಸರಿ. ಆದರೆ ಅದೇ ಚಿತ್ರಗಳನ್ನು ಪುಸ್ತಕ ಮಾಡಿ ಮಾರುವ ಯೋಚನೆ ಬೇಡ. ಆ ಪಾತ್ರಗಳಿಗೆ ಒಡೆಯರಿದ್ದಾರೆ!

ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಅದಕ್ಕೂ ಮುಂಚೆ ನಾಯಕಿಯ ಸೀರೆ ಹಸಿರೋ ಕೆಂಪೋ ಅಂತ ನೋಡುಗನೇ ಮನಸ್ಸಿನಲ್ಲಿ ಬಣ್ಣ ಹಚ್ಚಿಕೊಳ್ಳಬೇಕಿತ್ತು. ಈ ಹಾಳೆ ಮಗುವಿಗೆ ಕೊಡುವುದೂ ಅದೇ ಅವಕಾಶವನ್ನು. ಆದ್ದರಿಂದ ಮಗು ಭೀಮನಿಗೆ ಹಸಿರು ಬಳಿದರೆ, ಕೋತಿಗೆ ನೀಲಿ ಮೆತ್ತಿದರೆ "ಅಯ್ಯೋ, ತಪ್ಪು!" ಅನ್ನಬೇಡಿ. ಡೈರೆಕ್ಟರ ಕೆಲಸಕ್ಕೆ ನಿರ್ಮಾಪಕ ಕೈ ಹಾಕಬಾರದು.

ಇನ್ನೊಂದು ಗುಟ್ಟು. ಮಗುವಿನ ಕೈಯಲ್ಲಿರುವ ಆ ಹಾಳೆ ಕಾರ್ಟೂನ್ ಚಿತ್ರ ತಯಾರಿಕೆಯ ನಡುವಿನ ಒಂದು ಹಂತ. 1937ರಲ್ಲಿ ವಾಲ್ಟ್ ಡಿಸ್ನಿಯ 'ಸ್ನೋ ವೈಟ್' ಬಂದಾಗ ಚಿತ್ರದ ಗೆರೆಗಳನ್ನು ಪಾರದರ್ಶಕ ಹಾಳೆಯ ಮುಂಭಾಗದಲ್ಲಿ ಶಾಯಿಯಿಂದ ಎಳೆದು, ಹಿಂಭಾಗದಲ್ಲಿ ಬಣ್ಣ ತುಂಬುತ್ತಿದ್ದರು. ಆ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಲೆಕ್ಕ ಹಾಕಿ ನೋಡಿ: ಬೆಳ್ಳಿತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡಬೇಕು. ಹತ್ತು ನಿಮಿಷಕ್ಕೆ 14,400! ಒಂದೇ ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ 7,200 ಹಾಳೆ. ನಮ್ಮ ದೇಶದಲ್ಲೂ 1956ರಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಬಂದು ಫಿಲ್ಮ್ಸ್ ಡಿವಿಜನ್ನಿನ ಕಲಾವಿದರಿಗೆ ಈ ವಿದ್ಯೆ ಕಲಿಸಿದರು. ಮರುವರ್ಷ 'ಬ್ಯಾನಿಯನ್ ಡೀರ್' ಎಂಬ ಚಿತ್ರ ಹೊರಬಂತು.

ತಕರಾರೂ ಇದೆ!

ಆದರೆ ಬಣ್ಣ ತುಂಬುವ ಹಾಳೆಯನ್ನು ಎಲ್ಲರೂ ಮೆಚ್ಚುವುದಿಲ್ಲ. ಅಮೆರಿಕದಲ್ಲಿ ಪಾಠ ಹೇಳುತ್ತಿದ್ದ ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ಇದನ್ನು ಕಟುವಾಗಿ ಟೀಕಿಸಿದ್ದರು. ಬೇರೆಯವರು ಹಾಕಿಕೊಟ್ಟ ಗೆರೆಯೊಳಗೇ ತುಂಬಿ ತುಂಬಿ, ಮಗು ತನ್ನದೇ ಚಿತ್ರ ಬರೆಯುವ ಧೈರ್ಯ ಕಳೆದುಕೊಳ್ಳುತ್ತದೆ ಎಂಬುದು ಅವರ ವಾದ.

ಮಾತಿನಲ್ಲಿ ಸತ್ಯ ಇದೆ. "ಗೆರೆ ದಾಟಬೇಡ, ಗೆರೆ ದಾಟಬೇಡ" ಅಂತ ಬೆತ್ತ ಹಿಡಿದು ಕೂತರೆ ಹಾಗೇ ಆಗೋದು. ಬಣ್ಣ ತುಂಬಿ ಮುಗಿಸಿದ ಹಾಳೆ ಮಾರನೇ ದಿನ ಕಸದ ಬುಟ್ಟಿ ಸೇರಿದರೆ, ಮಗು ಮತ್ತೆ "ಮಾಮ, ಮೊಬೈಲ್" ಅನ್ನುತ್ತದೆ. ಹಾಳೆ ಅಲ್ಲಿಗೇ ನಿಲ್ಲಬಾರದು. ಅದು ಎದ್ದು ಕುಣಿಯಬೇಕು. ಕುಣಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ.

ಸಿನಿಮಾಕ್ಕೂ ಮುಂಚಿನ ಬೆಳ್ಳಿತೆರೆ

ತೊಗಲು ಗೊಂಬೆ! ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಬಣ್ಣ ಹಚ್ಚಿ, ಸಣ್ಣ ಸಣ್ಣ ತೂತು ಕೊರೆದು ಒಡವೆ ಮೂಡಿಸಿ, ಬಿಳಿ ಪರದೆಯ ಹಿಂದೆ ದೀಪ ಇಟ್ಟು ಆಡಿಸುವ ಆಟ. ನೆರೆಯ ಬಳ್ಳಾರಿಯ ಬೆಳಗಲ್ಲು ವೀರಣ್ಣ ಗಾಂಧೀಜಿಯ ಕಥೆಯನ್ನೂ ಈ ಪರದೆಗೆ ತಂದವರು. 2023ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ರಸ್ತೆಯಲ್ಲೇ ಅಪಘಾತಕ್ಕೀಡಾಗಿ ತೀರಿಕೊಂಡರು. 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಆ ಅಜ್ಜಿಯ ಕಲೆಯೂ ಇದೇ.

ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕಪ್ಪು ಕಾಗದ ಕತ್ತರಿಸಿ, ನೆರಳಿನ ಗೊಂಬೆಗಳಲ್ಲೇ 1926ರಲ್ಲಿ ಪೂರ್ಣ ಪ್ರಮಾಣದ ಚಿತ್ರ ಮಾಡಿದಳು. 'ಸ್ನೋ ವೈಟ್'ಗಿಂತ 11 ವರ್ಷ ಮೊದಲು! ಕತ್ತರಿ, ಕಾಗದ, ಬೆಳಕು. ಇಷ್ಟೇ ಬಂಡವಾಳ.

ಶೂಟಿಂಗ್ ಶುರು

ಈಗ ನಮ್ಮ ಪಡಸಾಲೆಗೆ ಬನ್ನಿ. ಮಕ್ಕಳು ಮೇಣದ ಬಣ್ಣದ ಕಡ್ಡಿಯಲ್ಲಿ ಬಣ್ಣ ತುಂಬಿದ್ದಾಯಿತು. ಪಾತ್ರವನ್ನು ಅಂಚಿನ ಗುಂಟ ಕತ್ತರಿಸಲಿ. ಚಿಕ್ಕವರಿಗೆ ಕತ್ತರಿ ಕೆಲಸ ನೀವೇ ಮಾಡಿಕೊಡಿ. ಎರಡನೇ ಪ್ರತಿಗೂ ಬಣ್ಣ ಹಚ್ಚಿ, ಅದರಿಂದ ಕೈ ಮಾತ್ರ ಕತ್ತರಿಸಿ, ಮೊದಲನೆಯದರ ಹೆಗಲಿಗೆ ಸೂಜಿ ದಾರದಿಂದ ಸಡಿಲವಾಗಿ ಗಂಟು ಹಾಕಿ. ನೋಡಿ, ಭೀಮನ ಕೈ ಆಡಿತು! ತೊಗಲು ಗೊಂಬೆಯ ಕೀಲೂ ದಾರದ ಗಂಟೇ. ಬೆನ್ನಿಗೊಂದು, ಕೈಗೊಂದು ತೆಂಗಿನ ಪೊರಕೆ ಕಡ್ಡಿ ಅಂಟಿಸಿ. ಅಂಟು ಚೆನ್ನಾಗಿ ಒಣಗಲಿ.

ಆಮೇಲೆ ನಮ್ಮೂರ ಸ್ಪೆಷಲ್! ಚಳ್ಳಕೆರೆ ಅಂದರೆ ಎಣ್ಣೆಯ ಊರು ಅಲ್ವೇ? ಅಕ್ಕನ ಡಬ್ಬದಿಂದ ಎರಡು ಹನಿ ಶೇಂಗಾ ಎಣ್ಣೆ ತಂದು ಹಾಳೆಯ ಹಿಂಭಾಗಕ್ಕೆ ಬಟ್ಟೆಯಿಂದ ಸವರಿ, ಹೆಚ್ಚಾದದ್ದನ್ನು ಒರೆಸಿ. ಕಾಗದದ ಎಳೆಗಳ ನಡುವೆ ಗಾಳಿ ಇರುವುದರಿಂದ ಬೆಳಕು ಚದುರಿ ಕಾಗದ ಬೆಳ್ಳಗೆ ಕಾಣುತ್ತದೆ. ಆ ಜಾಗಕ್ಕೆ ಎಣ್ಣೆ ಹೊಕ್ಕರೆ ಬೆಳಕು ಹಾಯುತ್ತದೆ. ತೊಗಲಿನ ಕೆಲಸ ಕಾಗದವೇ ಮಾಡುತ್ತದೆ! ಕಡ್ಡಿ ಅಂಟಿಸಿದ ಮೇಲೇ ಎಣ್ಣೆ. ಉಲ್ಟಾ ಮಾಡಿದರೆ ಅಂಟು ಹಿಡಿಯೋದಿಲ್ಲ.

ಬಿಳಿ ಪಂಚೆ ಕಟ್ಟಿ. ಲೈಟು ಆರಿಸಿ. ಈಗ ಕೊಡಿ ನಿಮ್ಮ ಮೊಬೈಲನ್ನು, ಟಾರ್ಚ್ ಹಾಕಿ! ಎಣ್ಣೆ ಕಾಗದದ ಹತ್ತಿರ ದೀಪ, ಮೇಣದಬತ್ತಿ ಮಾತ್ರ ಖಂಡಿತ ಬೇಡ. ಗೊಂಬೆ ಪಂಚೆಗೆ ಅಂಟಿಕೊಂಡಂತಿದ್ದರೆ ಚಿತ್ರ ಸ್ಪಷ್ಟ, ಬಣ್ಣ ಬಣ್ಣ. ಟಾರ್ಚಿನ ಕಡೆ ಸರಿಸಿದರೆ ನೆರಳು ದೊಡ್ಡದಾಗುತ್ತಾ ಹೋಗುತ್ತದೆ. ಕ್ಲೋಸಪ್ಪು ಸಿಕ್ಕಿತಲ್ಲ ಗುರೂ!

ಪ್ರಿಂಟಿಗೆ ಸಿಗದ ನಾಯಕಿ

ಕಥೆ? ಭೀಮ ಚಿತ್ರದುರ್ಗದ ಕೋಟೆಗೆ ಬರಲಿ. ತಳುಕಿನ ಮನೆತನದ ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ 'ನಾಗರಹಾವು' ನೋಡದ ಗಂಡಸು ನಮ್ಮ ಜಿಲ್ಲೆಯಲ್ಲಿ ಇದ್ದಾನೆಯೇ? ಅದರಲ್ಲಿ ಜಯಂತಿ ಒನಕೆ ಓಬವ್ವನಾಗಿ ನಿಂತ ಠೀವಿ ಮರೆಯುವಂಥದ್ದೇ? ಕಿಂಡಿಯಲ್ಲಿ ನುಸುಳುವ ಹೈದರಾಲಿಯ ಸೈನಿಕರು, ಈ ಕಡೆ ಓಬವ್ವ, ಪಕ್ಕದಲ್ಲಿ ಹಸಿರು ಭೀಮ!

ಆದರೆ ಅವಳ ಪ್ರಿಂಟ್ ಹುಡುಕಲು ಹೋಗಬೇಡಿ. "ಓಬವ್ವನ್ನ ನೀನೇ ಬರಿ" ಅನ್ನಿ. ಲೋವೆನ್‌ಫೆಲ್ಡ್ ತಕರಾರಿಗೆ ಉತ್ತರ ಇದು. ಅಷ್ಟು ಹೊತ್ತು ಗೆರೆಯೊಳಗೆ ಬಣ್ಣ ತುಂಬಿದ ಮಗು ಈಗ ತಾನೇ ಗೆರೆ ಎಳೆಯುತ್ತದೆ. "ನಂಗೆ ಬರಲ್ಲ ಮಾಮ" ಅಂದರೆ ಚೌಕದ ಉಪಾಯ ಹೇಳಿಕೊಡಿ. ಪುಟ್ಟ ಚಿತ್ರದ ಮೇಲೆ ಚೌಕಗಳನ್ನು ಎಳೆದು, ದೊಡ್ಡ ಹಾಳೆಯಲ್ಲಿ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿ, ಒಂದೊಂದೇ ಚೌಕ ನೋಡಿ ಬರೆಯೋದು. ಥಿಯೇಟರ್ ಮುಂದೆ ನಿಲ್ಲುತ್ತಿದ್ದ ಆಳೆತ್ತರದ ಕಟೌಟುಗಳನ್ನು ಕಲಾವಿದರು ಕೈಯಲ್ಲೇ ಬರೆಯುತ್ತಿದ್ದದ್ದು ಹೀಗೆ. ಫ್ಲೆಕ್ಸ್ ಬಂದು ಅವರ ಅನ್ನ ಹೋಯಿತು. ಮೊಳಕಾಲ್ಮೂರು ರೇಷ್ಮೆ ಸೀರೆಯ ಅಂಚಿನ ನವಿಲು ಕೂಡ ಮಗ್ಗಕ್ಕೆ ಏರುವ ಮುಂಚೆ ಚೌಕದ ಹಾಳೆಯಲ್ಲೇ ಹುಟ್ಟುತ್ತದೆ.

ಮಗು ಬರೆದ ಓಬವ್ವನ ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದು ಇರಬಹುದು. ಒನಕೆ ಅವಳಿಗಿಂತ ಉದ್ದ ಇರಬಹುದು. ಇರಲಿ ಬಿಡಿ. ಕೋಟಿ ಜನ ಕಂಡ ಭೀಮನ ಪಕ್ಕದಲ್ಲಿ, ಜಗತ್ತಿನಲ್ಲಿ ಒಂದೇ ಒಂದು ಇರುವ ಓಬವ್ವ ಅವಳು!

ರಾತ್ರಿ ಊಟ ಆದ ಮೇಲೆ ಅಕ್ಕ, ಭಾವ, ಅಜ್ಜಿಯನ್ನು ಪಂಚೆಯ ಮುಂದೆ ಕೂರಿಸಿ. ಮೊದಲು ಮಕ್ಕಳ ಹೆಸರಿನ ಟೈಟಲ್ ಕಾರ್ಡ್. ನಿರ್ಮಾಪಕ ಮಾಮನ ಹೆಸರು ಕೊನೆಗೆ, ಸಣ್ಣಕ್ಷರದಲ್ಲಿ. ಓಬವ್ವ ಒನಕೆ ಎತ್ತಿದಾಗ, ಗಾಂಧಿ ಕ್ಲಾಸಿನಲ್ಲಿ ಕೂತು ಕಲಿತ ಶಿಳ್ಳೆಯನ್ನು ಒಮ್ಮೆ ಜೋರಾಗಿ ಹೊಡೆಯಿರಿ.

ಮುಂದಿನ ಸಲ ನೀವು ಬಸ್ಸಿಳಿದಾಗಲೂ ಮಕ್ಕಳು ಓಡಿ ಬರುತ್ತಾರೆ. "ಮಾಮ, ಮೊಬೈಲ್ ಕೊಡು!" ಅನ್ನುತ್ತಾರೆ. ಕೊಡಿ. ಬ್ಯಾಟರಿ ಫುಲ್ ಇರಲಿ. ಎರಡನೇ ಚಿತ್ರದ ಶೂಟಿಂಗ್ ಇದೆ!