ನಾಳೆ ಪರೀಕ್ಷೆ, ಇಂದು ಚಕ್ರಬಡ್ಡಿ

ಮನೆಯವರೆಲ್ಲ ಮಲಗಿದ ಮೇಲೂ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ತಾಯಿ ಕಾರಣ ಕೇಳಬೇಕಾಗಿಲ್ಲ. ನಾಳೆ ಮಧ್ಯಾಹ್ನ 2 ಗಂಟೆಗೆ ಚಾರ್ಟರ್ಡ್ ಅಕೌಂಟೆಂಟ್ ವ್ಯಾಸಂಗದ ಹೊಸ್ತಿಲೆನಿಸಿದ ಫೌಂಡೇಷನ್ ಪರೀಕ್ಷೆಯ ಮೂರನೆಯ ಪತ್ರಿಕೆ. ಪುಸ್ತಕದಲ್ಲಿ ಒಂದು ಅಧ್ಯಾಯದ ಹಾಳೆಗಳು ಮಾತ್ರ ಕೊಂಡ ದಿನದಂತೆಯೇ ಬೆಳ್ಳಗಿವೆ. ಅದರ ಹೆಸರು ಹಣದ ಕಾಲಮೌಲ್ಯ.

ಪತ್ರಿಕೆಗಳು ನಾಲ್ಕು, ಒಂದೊಂದಕ್ಕೂ 100 ಅಂಕ. ಪ್ರತಿಯೊಂದರಲ್ಲಿ ಶೇಕಡಾ 40, ಒಟ್ಟಿನಲ್ಲಿ ಶೇಕಡಾ 50 ದೊರೆತಲ್ಲದೆ ತೇರ್ಗಡೆಯಿಲ್ಲ. ಮೂರರಲ್ಲಿ ಮಿಂಚಿ ಇದೊಂದರಲ್ಲಿ 38ಕ್ಕೆ ನಿಂತವನು ನಾಲ್ಕನ್ನೂ ಮತ್ತೆ ಬರೆಯಬೇಕು. ಸಾಲದ್ದಕ್ಕೆ ಈ ಪತ್ರಿಕೆಯಲ್ಲಿ ತಪ್ಪು ಉತ್ತರವೊಂದಕ್ಕೆ ಕಾಲು ಅಂಕದ ದಂಡ. ನಾಲ್ಕು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರ ಗುರುತಿಸಿ, ಅದೃಷ್ಟವಶಾತ್ ಒಂದು ಸರಿಯಾದರೂ ಕೈಯಲ್ಲಿ ಉಳಿಯುವುದು ಕಾಲು ಅಂಕವಷ್ಟೆ!

ನಿಜ ಹೇಳಬೇಕೆಂದರೆ ಈ ಅಧ್ಯಾಯ ಕನ್ನಡಿಗರಿಗೆ ಪರಕೀಯವಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದಲ್ಲಿಯೇ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳನ್ನು ಕೊಟ್ಟಿದ್ದಾನೆ. ಸೂತ್ರಗಳು ಎಷ್ಟೇ ಇರಲಿ, ತಿರುಳು ಒಂದೇ: ಇಂದಿನ ರೂಪಾಯಿಯೂ ನಾಳಿನ ರೂಪಾಯಿಯೂ ಸಮವಲ್ಲ. ಶೇಕಡಾ 10ರ ಚಕ್ರಬಡ್ಡಿಯಲ್ಲಿ 1,000 ರೂಪಾಯಿ ಎರಡು ವರ್ಷಕ್ಕೆ 1,210 ಆಗುತ್ತದೆ. ಹಾಗಿದ್ದಮೇಲೆ ಎರಡು ವರ್ಷದ ಬಳಿಕ ಬರಲಿರುವ 1,000 ರೂಪಾಯಿಯ ಇಂದಿನ ಬೆಲೆ ಎಷ್ಟು? 1,000ವನ್ನು 1.21ರಿಂದ ಭಾಗಿಸಿದರೆ 826 ರೂಪಾಯಿ 45 ಪೈಸೆ. ಮೊದಲನೆಯದು ಮುಂದಕ್ಕೆ ನಡೆದಂತೆ, ಎರಡನೆಯದು ಅದೇ ದಾರಿಯಲ್ಲಿ ಹಿಂದಕ್ಕೆ ಬಂದಂತೆ. ಇದು ಮನಸ್ಸಿಗೆ ಹತ್ತಿದವನಿಗೆ ಅರ್ಧ ಅಧ್ಯಾಯ ಮುಗಿದಂತೆಯೇ. ವರ್ಷವರ್ಷದ ಕಂತುಗಳ ಲೆಕ್ಕವೆಂದರೆ ಇಂಥವೇ ಹಲವನ್ನು ಕೂಡಿಸುವುದು.

ಎಡವುವುದು ಬಹುಮಟ್ಟಿಗೆ ಅವಧಿಯಲ್ಲಿ. ಶೇಕಡಾ 12ರಂತೆ 10,000 ರೂಪಾಯಿ ವರ್ಷಕ್ಕೊಮ್ಮೆ ಬಡ್ಡಿ ಸೇರಿದರೆ 11,200. ಆರು ತಿಂಗಳಿಗೊಮ್ಮೆ ಸೇರಿದರೆ 11,236. ತಿಂಗಳು ತಿಂಗಳೂ ಸೇರಿದರೆ ಸುಮಾರು 11,268. ದರವನ್ನು ಎರಡರಿಂದ ಭಾಗಿಸಿ ಅವಧಿಯನ್ನು ಇಮ್ಮಡಿಸಲು ಮರೆತವನಿಗೆಂದೇ ಒಂದು ತಪ್ಪು ಉತ್ತರ ನಾಲ್ಕರ ನಡುವೆ ಸಭ್ಯವಾಗಿ ಕಾದು ಕುಳಿತಿರುತ್ತದೆ. ಕ್ಯಾಲ್ಕ್ಯುಲೇಟರಿನಲ್ಲಿ ಸಮಚಿಹ್ನೆಯನ್ನು ಮತ್ತೆ ಮತ್ತೆ ಒತ್ತಿ ಘಾತ ಕಂಡುಹಿಡಿಯುವ ಉಪಾಯವೂ ಯಂತ್ರದಿಂದ ಯಂತ್ರಕ್ಕೆ ಬೇರೆ. ಗೆಳೆಯನದನ್ನು ಎರವಲು ಪಡೆದು ಪರೀಕ್ಷೆಗೆ ಹೋಗುವವರು ಇದನ್ನು ರಾತ್ರಿಯೇ ನೋಡಿಕೊಳ್ಳುವುದು ಲೇಸು.

ಕಡೆಯ ಗಳಿಗೆಯ ಓದು ವ್ಯರ್ಥವೆಂದು ಹಿರಿಯರು ಗದರಿಸುವುದುಂಟು. ಅದು ಪೂರ್ಣ ಸತ್ಯವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓದಿದ್ದನ್ನೇ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ಬಳಿಕ ಮುಂದಿದ್ದರು. ವಾರ ಕಳೆದ ಮೇಲೆ ಮಾತ್ರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಅವರನ್ನು ಬಹುದೂರ ಹಿಂದಿಕ್ಕಿದರು. ಆದರೆ ಅವರು ಓದಿದ್ದು ಗದ್ಯ. ಬಡ್ಡಿಯ ಲೆಕ್ಕವೋ ಕೈಯಿಂದ ಮಾಡಿದಲ್ಲದೆ ಒಲಿಯುವುದಿಲ್ಲ. ಬಿಡಿಸಿಟ್ಟ ಇಪ್ಪತ್ತು ಲೆಕ್ಕಗಳ ಮೇಲೆ ಕಣ್ಣಾಡಿಸುವುದಕ್ಕಿಂತ ಉತ್ತರ ಮರೆಮಾಡಿ ಐದನ್ನು ತಾನೇ ಬಿಡಿಸಿದವನ ರಾತ್ರಿ ಸಾರ್ಥಕ.

ಗಡಿಯಾರ ಒಂದು ಹೊಡೆಯುತ್ತದೆ. ತಾಯಿ ಎದ್ದು ಬಂದು ಹಾಲಿನ ಲೋಟವನ್ನು ಮೇಜಿನ ಮೇಲಿಟ್ಟು, “ಇನ್ನು ಸಾಕು, ಮಲಗಪ್ಪ” ಎನ್ನುತ್ತಾಳೆ. ಐದನೆಯ ಲೆಕ್ಕದ ಉತ್ತರ ಈ ಸಲ ಪುಸ್ತಕದೊಡನೆ ಪೈಸೆಗೆ ಪೈಸೆ ಕೂಡಿದೆ. ದೀಪ ಆರುತ್ತದೆ.