ದಾವಣಗೆರೆ–ಹರಿಹರ: ಒಂದು ನಿಮಿಷದ ವಿಮಾನ ಎಲ್ಲಿದೆ?

ದಾವಣಗೆರೆಯಿಂದ ಹರಿಹರಕ್ಕೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ರಸ್ತೆಯ ಲೆಕ್ಕದ ಜೊತೆಗೆ ವಿಮಾನದಲ್ಲಿ ಒಂದು ನಿಮಿಷ ಎಂಬ ಲೆಕ್ಕವೂ ಸಿಗುವುದುಂಟು. ಅಂಕಿ ಕಂಡ ಕೂಡಲೇ ನಂಬಿಬಿಡುತ್ತೇವೆ. ಆದರೆ ದೂರ ಬೇರೆ, ದಾರಿ ಬೇರೆ, ಹಿಡಿಯುವ ಹೊತ್ತು ಬೇರೆ.

ತಪ್ಪು ಕಲ್ಪನೆ: ವಿಮಾನದ ಸಮಯ ಕೊಟ್ಟಿದ್ದಾರೆಂದರೆ ವಿಮಾನ ಇರಲೇಬೇಕು.

ಸತ್ಯ: ಎರಡೂ ಊರುಗಳಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ನಕ್ಷೆಯ ಎರಡು ಬಿಂದುಗಳ ನಡುವಿನ ನೇರ ಗೆರೆ ಸುಮಾರು 13 ಕಿ.ಮೀ. ಅದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ ಒಂದು ನಿಮಿಷ ಬರುತ್ತದೆ. ಇದು ಬರೀ ಗಣಿತ. ಅಷ್ಟು ದೂರದೊಳಗೆ ಯಾವ ಪ್ರಯಾಣಿಕ ವಿಮಾನವೂ ಏರಿ, ಆ ವೇಗ ಮುಟ್ಟಿ, ಇಳಿಯಲಾರದು.

ತಪ್ಪು ಕಲ್ಪನೆ: ರಸ್ತೆಯಲ್ಲಿ 14 ಕಿ.ಮೀ. ಅಂದರೆ ಕಾಲು ಗಂಟೆ.

ಸತ್ಯ: ಖಾಲಿ ಹೆದ್ದಾರಿಗಷ್ಟೇ ಈ ಮಾತು ಸಲ್ಲುತ್ತದೆ. ಹಳೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲಿ ದೊಡ್ಡಬಾತಿ ಮೇಲೆ ಹೋಗುವ ಬಸ್ಸು ಅಲ್ಲಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುತ್ತದೆ. ಎರಡೂ ಊರೊಳಗಿನ ದಟ್ಟಣೆ ಬೇರೆ. ಅರ್ಧ ಗಂಟೆಗೆ ಕಡಿಮೆ ಲೆಕ್ಕ ಹಾಕಬೇಡಿ. ಮನೆಯಿಂದ ಬಸ್ ನಿಲ್ದಾಣದವರೆಗಿನ ದಾರಿ ಈ 14ರಲ್ಲಿ ಸೇರಿಲ್ಲ.

ತಪ್ಪು ಕಲ್ಪನೆ: ದೂರ ಹೆಚ್ಚಿದ್ದರೆ ಹೊತ್ತೂ ಹೆಚ್ಚು.

ಸತ್ಯ: ಬೆಂಗಳೂರಿನ ದಾರಿ ನೋಡಿ. ದಾವಣಗೆರೆಯಿಂದ ಅಲ್ಲಿಗೆ ನೇರ ಗೆರೆಯಲ್ಲಿ ಸುಮಾರು 245 ಕಿ.ಮೀ., ಚಿತ್ರದುರ್ಗದ ಮೇಲೆ ಹೋಗುವ ಹೆದ್ದಾರಿ 48ರಲ್ಲಿ ಸುಮಾರು 265 ಕಿ.ಮೀ. ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿ ಹೋಗುವುದರಿಂದ ಸುಮಾರು 325 ಕಿ.ಮೀ. ಹಾಗಿದ್ದೂ 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಈ ಸುತ್ತುದಾರಿಯನ್ನು ಸುಮಾರು ಮೂರೂವರೆ ಗಂಟೆಯಲ್ಲಿ ಮುಗಿಸುತ್ತದೆ. ಕಾರಿಗೆ ನಾಲ್ಕು, ನಾಲ್ಕೂವರೆ ಗಂಟೆ. ನೆಲಮಂಗಲ, ಪೀಣ್ಯ, ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ಸಿಕ್ಕಿಹಾಕಿಕೊಂಡರೆ ಇನ್ನೂ ಹೆಚ್ಚು. ಆದರೆ ಆ ರೈಲಿಗೆ ಮೊದಲು ಗೊತ್ತುಮಾಡಿದ ನಿಲುಗಡೆ ದಾವಣಗೆರೆಗೆ, ಹರಿಹರಕ್ಕಲ್ಲ. ಹರಿಹರದವರು ಅದನ್ನು ಹಿಡಿಯಲು ಈ 14 ಕಿ.ಮೀ. ಕೂಡಿಸಿಕೊಳ್ಳಬೇಕಾಯಿತು. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗ ಪೂರ್ತಿಯಾದರೆ ಅರಸೀಕೆರೆಯ ಸುತ್ತು ತಪ್ಪುತ್ತದೆ.

ತಪ್ಪು ಕಲ್ಪನೆ: ವಿಮಾನವಾದರೆ ಬೆಂಗಳೂರಿಗೆ ಬೇಗ ತಲುಪಬಹುದು.

ಸತ್ಯ: ದಾವಣಗೆರೆಗೆ ಹತ್ತಿರದ ವಿಮಾನ ನಿಲ್ದಾಣ ಶಿವಮೊಗ್ಗದ ಸೋಗಾನೆಯದು. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಹಾರಾಟ ಶುರುವಾಯಿತು. ಹೊನ್ನಾಳಿ ಮೇಲೆ ಅಲ್ಲಿಗೆ ಸುಮಾರು ಎರಡು ಗಂಟೆ, ತಪಾಸಣೆಗೆ ಒಂದು, ಹಾರಾಟಕ್ಕೆ ಹತ್ತಿರ ಹತ್ತಿರ ಒಂದು, ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಿಂದ ನಗರಕ್ಕೆ ಮತ್ತೊಂದು. ಕೂಡಿದರೆ ಐದು ಗಂಟೆ! ಹುಬ್ಬಳ್ಳಿ ನಿಲ್ದಾಣ ಇನ್ನೂ ದೂರ, ಸುಮಾರು 150 ಕಿ.ಮೀ. ದೆಹಲಿಯಂಥ ದೂರದೂರಿಗೆ ವಿಮಾನ ಗೆಲ್ಲುತ್ತದೆ, ಬೆಂಗಳೂರಿಗಲ್ಲ.

ಹೊರಡುವ ಮುನ್ನ ಎಷ್ಟು ಕಿಲೋಮೀಟರ್ ಎಂದಷ್ಟೇ ಕೇಳಬೇಡಿ. ಎಲ್ಲಿಂದ, ಯಾವ ದಾರಿ, ಯಾವ ಹೊತ್ತಿಗೆ ಎಂದೂ ಕೇಳಿ. ಮನೆಯ ಬಾಗಿಲಿನಿಂದ ಮುಟ್ಟಬೇಕಾದ ಬಾಗಿಲಿನವರೆಗಿನ ಹೊತ್ತೇ ನಿಜವಾದ ಲೆಕ್ಕ.