ದೇಹದ ಉತ್ಕರ್ಷಣ ನಿರೋಧಕ ಶಕ್ತಿ: ಪರೀಕ್ಷೆ ಎಷ್ಟು, ಪಥ್ಯ ಎಷ್ಟು?

ಕಳೆದ ವರ್ಷ ಒಂದೇ ವಾರದ ಅಂತರದಲ್ಲಿ ಇಬ್ಬರು ಗೃಹಸ್ಥರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಇಬ್ಬರ ಕೈಯಲ್ಲಿಯೂ ‘ಒಟ್ಟು ಆಂಟಿಆಕ್ಸಿಡೆಂಟ್ ಮಟ್ಟ’ ಎಂಬ ರಕ್ತಪರೀಕ್ಷೆಯ ವರದಿಯಿತ್ತು. ಮೊದಲನೆಯವರು ಒಕ್ಕಲುತನದವರು, ಐವತ್ತು ದಾಟಿದವರು. ಅವರ ವರದಿಯಲ್ಲಿ ಅಂಕಿ ಕಡಿಮೆಯೆಂದು ಗುರುತು ಹಾಕಲಾಗಿತ್ತು. ಮನೆಮಂದಿ ಗಾಬರಿಗೊಂಡು ತಿಂಗಳಿಗೆ ಮೂರು ಸಾವಿರ ರೂಪಾಯಿ ಬೆಲೆಯ ಮಾತ್ರೆಗಳನ್ನು ತರಿಸಿದ್ದರು. ಆ ಖರ್ಚನ್ನು ಹೊಂದಿಸಲು ಅವರು ರಕ್ತದೊತ್ತಡದ ಗುಳಿಗೆಯನ್ನು ನಿಲ್ಲಿಸಿದ್ದರು. ದವಡೆಯ ತಂಬಾಕನ್ನು ಮಾತ್ರ ನಿಲ್ಲಿಸಿರಲಿಲ್ಲ. ನಾವು ಅಳೆದಾಗ ರಕ್ತದೊತ್ತಡ 180ಕ್ಕೆ ಏರಿತ್ತು.

ಎರಡನೆಯವರು ವ್ಯಾಪಾರಸ್ಥರು. ಅವರ ಅಂಕಿ ‘ಉತ್ತಮ’ ಎಂದು ಬಂದಿತ್ತು. ಆ ಸಂತೋಷವನ್ನು ಹೇಳಿಕೊಳ್ಳುತ್ತಲೇ ಅವರು ಕಾಲಿನ ಹೆಬ್ಬೆರಳು ರಾತ್ರಿ ಕೆಂಪಾಗಿ ಊದಿಕೊಂಡು ನಿದ್ರೆ ಕೆಡಿಸುತ್ತದೆ ಎಂದು ತೋರಿಸಿದರು. ಒಂದೇ ಪರೀಕ್ಷೆ ಒಬ್ಬರಿಗೆ ಭಯವನ್ನು, ಇನ್ನೊಬ್ಬರಿಗೆ ಧೈರ್ಯವನ್ನು ಕೊಟ್ಟಿತ್ತು. ಇಬ್ಬರಿಗೂ ಅದು ದಾರಿ ತಪ್ಪಿಸಿತ್ತು. ಇಂತಹ ವರದಿಗಳನ್ನು ಹಿಡಿದು ಬರುವವರು ಹೆಚ್ಚುತ್ತಿರುವುದರಿಂದ ಈ ಸಂಚಿಕೆಯಲ್ಲಿ ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಉತ್ಕರ್ಷಣವೆಂದರೇನು?

ಹೆಚ್ಚಿದ ಬಾಳೆದಿಂಡನ್ನು ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಹಳೆಯ ಶೇಂಗಾಕಾಳು ಕಮಟು ವಾಸನೆ ಹಿಡಿಯುತ್ತದೆ. ಅಂಗಳದಲ್ಲಿ ಬಿದ್ದ ಕುಡುಗೋಲಿಗೆ ತುಕ್ಕು ಹತ್ತುತ್ತದೆ. ಇವೆಲ್ಲವೂ ಪ್ರಾಣವಾಯುವಾದ ಆಮ್ಲಜನಕದೊಡನೆ ನಡೆಯುವ ರಾಸಾಯನಿಕ ಕ್ರಿಯೆಗಳು. ಇದಕ್ಕೆ ಉತ್ಕರ್ಷಣವೆಂದು ಹೆಸರು. ನಮ್ಮ ತಾಯಂದಿರು ಬಾಳೆದಿಂಡನ್ನು ಮಜ್ಜಿಗೆ ನೀರಿನಲ್ಲಿ ಹಾಕಿಡುತ್ತಿದ್ದುದು ಈ ಕ್ರಿಯೆಯನ್ನು ತಡೆಯುವುದಕ್ಕಾಗಿಯೇ.

ಇಂತಹ ಕ್ರಿಯೆ ದೇಹದೊಳಗೂ ನಡೆಯುತ್ತಿರುತ್ತದೆ. ಉಂಡ ಅನ್ನವನ್ನು ಜೀವಕೋಶಗಳು ಆಮ್ಲಜನಕದ ನೆರವಿನಿಂದ ಶಕ್ತಿಯಾಗಿ ಮಾರ್ಪಡಿಸುವಾಗ ಫ್ರೀ ರ‍್ಯಾಡಿಕಲ್ ಎಂಬ ಚಂಚಲ ಕಣಗಳು ಹುಟ್ಟುತ್ತವೆ. ಒಲೆ ಉರಿದಾಗ ಕಿಡಿ ಹಾರುವಂತೆ ಇದು ಸಹಜ. ಈ ಕಣಗಳು ಸಂಪೂರ್ಣ ಶತ್ರುಗಳೂ ಅಲ್ಲ. ನಮ್ಮ ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲಲು ಇವನ್ನೇ ಆಯುಧವಾಗಿ ಬಳಸುತ್ತವೆ. ಅವು ಮಿತಿಮೀರಿದಾಗ ಮಾತ್ರ ಜೀವಕೋಶದ ಹೊದಿಕೆ, ಸಸಾರಜನಕ ಮತ್ತು ವಂಶವಾಹಿಗಳಿಗೆ ಪೆಟ್ಟು ಬೀಳುತ್ತದೆ. ತಂಬಾಕು, ಹೊಗೆ, ಮದ್ಯ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬೊಜ್ಜು ಮತ್ತು ದೀರ್ಘಕಾಲದ ಸೋಂಕು ಈ ಕಣಗಳನ್ನು ಹೆಚ್ಚಿಸುವ ಮುಖ್ಯ ಕಾರಣಗಳು.

ದೇಹದ ಸ್ವಂತ ಕಾವಲು

ಕಿಡಿಯನ್ನು ಆರಿಸುವ ವ್ಯವಸ್ಥೆ ಹೊರಗಿನಿಂದ ಬರಬೇಕೆಂದು ಅನೇಕರು ಭಾವಿಸಿದ್ದಾರೆ. ನಿಜವಾಗಿ ದೊಡ್ಡ ಕಾವಲು ದೇಹದಲ್ಲಿಯೇ ತಯಾರಾಗುತ್ತದೆ. ಗಾಯದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸಬುಸನೆ ನೊರೆ ಏಳುವುದನ್ನು ಓದುಗರು ನೋಡಿರಬಹುದು. ರಕ್ತದಲ್ಲಿಯೂ ಅಂಗಾಂಶದಲ್ಲಿಯೂ ಇರುವ ಕ್ಯಾಟಲೇಸ್ ಎಂಬ ಕಿಣ್ವವು ಆ ತೀಕ್ಷ್ಣ ದ್ರವವನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದೇ ಆ ನೊರೆಗೆ ಕಾರಣ. ನಾವು ಕಣ್ಣಾರೆ ಕಾಣಬಹುದಾದ ಉತ್ಕರ್ಷಣ ನಿರೋಧಕ ಕ್ರಿಯೆ ಇದು.

ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಇನ್ನೊಂದು ಕಿಣ್ವದ ಕಾರ್ಯವನ್ನು 1969ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿಕೊಟ್ಟರು. ಈ ಕಿಣ್ವಗಳ ರಚನೆಗೆ ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ, ಕಬ್ಬಿಣ ಮೊದಲಾದ ಖನಿಜಗಳು ಅಲ್ಪ ಪ್ರಮಾಣದಲ್ಲಿ ಬೇಕು. ಗ್ಲೂಟಾಥಯೋನ್ ಎಂಬ ರಕ್ಷಕ ವಸ್ತುವನ್ನು ದೇಹವು ಮೂರು ಅಮೈನೋ ಆಮ್ಲಗಳಿಂದ ಕಟ್ಟಿಕೊಳ್ಳುತ್ತದೆ. ಅವು ದೊರೆಯುವುದು ಬೇಳೆ, ಕಾಳು, ಹಾಲು, ಮೊಸರುಗಳ ಸಸಾರಜನಕದಿಂದ. ಆಹಾರದಿಂದ ಬರುವ ಸಿ ಮತ್ತು ಇ ಜೀವಸತ್ವಗಳು, ಕ್ಯಾರೊಟಿನ್‌ಗಳು ಹಾಗೂ ತರಕಾರಿಗಳ ಒಗರು, ಕಹಿ, ಬಣ್ಣಗಳಲ್ಲಿರುವ ಪಾಲಿಫಿನಾಲ್‌ಗಳು ಈ ಕಾವಲಿಗೆ ಕೈಜೋಡಿಸುತ್ತವೆ. ಇ ಜೀವಸತ್ವವು ಕೆಲಸಮಾಡಿ ದಣಿದಾಗ ಸಿ ಜೀವಸತ್ವವು ಅದನ್ನು ಮತ್ತೆ ಮೊದಲಿನಂತೆ ಮಾಡುತ್ತದೆ. ಹೀಗೆ ಒಂದು ಇನ್ನೊಂದನ್ನು ಅವಲಂಬಿಸಿರುವುದರಿಂದ ಒಂದನ್ನು ಮಾತ್ರ ಹೆಚ್ಚಿಸಿದರೆ ಇಡೀ ವ್ಯವಸ್ಥೆ ಬಲಗೊಳ್ಳುವುದಿಲ್ಲ.

ಪರೀಕ್ಷೆ ಏನನ್ನು ಹೇಳುತ್ತದೆ?

ಒಟ್ಟು ಆಂಟಿಆಕ್ಸಿಡೆಂಟ್ ಪರೀಕ್ಷೆಯಲ್ಲಿ ರಕ್ತದ ದ್ರವಭಾಗವು ಉತ್ಕರ್ಷಣವನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಪ್ರಯೋಗಾಲಯದ ನಳಿಕೆಯಲ್ಲಿ ನೋಡುತ್ತಾರೆ. ಇದರಲ್ಲಿ ಮೂರು ಕೊರತೆಗಳಿವೆ. ಮೊದಲನೆಯದಾಗಿ, ಮೇಲೆ ಹೇಳಿದ ಕಿಣ್ವಗಳು ಬಹುಮಟ್ಟಿಗೆ ಜೀವಕೋಶಗಳ ಒಳಗೆ ಕೆಲಸಮಾಡುತ್ತವೆ. ಈ ಪರೀಕ್ಷೆಗೆ ಅವು ಸಿಕ್ಕುವುದಿಲ್ಲ. ಎರಡನೆಯದಾಗಿ, ಬೇರೆಬೇರೆ ಪ್ರಯೋಗಾಲಯಗಳು ಬೇರೆಬೇರೆ ವಿಧಾನಗಳನ್ನು ಅನುಸರಿಸುವುದರಿಂದ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಲಾಗದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ಅಂಕಿಯ ದೊಡ್ಡ ಪಾಲು ಯೂರಿಕ್ ಆಮ್ಲದಿಂದ ಬರುತ್ತದೆ. ಯೂರಿಕ್ ಆಮ್ಲ ಏರಿದರೆ ಅಂಕಿಯೂ ಏರುತ್ತದೆ, ಆದರೆ ಏರಿದ ಯೂರಿಕ್ ಆಮ್ಲವೇ ವಾತರಕ್ತಕ್ಕೆ ಕಾರಣ. ಆ ವ್ಯಾಪಾರಸ್ಥರ ಯೂರಿಕ್ ಆಮ್ಲವನ್ನು ಪರೀಕ್ಷಿಸಿದಾಗ 9 ಮಿಲಿಗ್ರಾಮ್ ದಾಟಿತ್ತು. ಅವರ ವರದಿ ಹೊಗಳಿದ್ದ ಶಕ್ತಿಯ ಬಹುಭಾಗ ಅವರ ಕಾಲಿನ ನೋವೇ ಆಗಿತ್ತು.

ಆಹಾರ ಪದಾರ್ಥಗಳ ಅಂಕಿಗಳಿಗೂ ಇದೇ ಗತಿಯಾಯಿತು. ಇಂತಹ ಪದಾರ್ಥಕ್ಕೆ ಇಷ್ಟು ಆಂಟಿಆಕ್ಸಿಡೆಂಟ್ ಬಲವೆಂದು ಅಮೆರಿಕದ ಕೃಷಿ ಇಲಾಖೆ ಒಂದು ಪಟ್ಟಿಯನ್ನು ಪ್ರಕಟಿಸಿತ್ತು. ನಳಿಕೆಯಲ್ಲಿ ಕಂಡ ಬಲ ದೇಹದಲ್ಲಿಯೂ ಅಷ್ಟೇ ಕೆಲಸ ಮಾಡುತ್ತದೆಂಬುದಕ್ಕೆ ಆಧಾರವಿಲ್ಲವೆಂದು, ಕಂಪನಿಗಳು ಅದನ್ನು ಪ್ರಚಾರಕ್ಕೆ ದುರುಪಯೋಗಪಡಿಸುತ್ತಿವೆಯೆಂದು 2012ರಲ್ಲಿ ಆ ಪಟ್ಟಿಯನ್ನು ಹಿಂತೆಗೆದುಕೊಂಡಿತು.

ಹಾಗಾದರೆ ಯಾವ ಪರೀಕ್ಷೆ ಮಾಡಿಸಬೇಕು? ಉತ್ಕರ್ಷಣದ ಒತ್ತಡವನ್ನು ಹೆಚ್ಚಿಸುವ ಕಾರಣಗಳನ್ನು ಹುಡುಕುವ ಸಾಮಾನ್ಯ ಪರೀಕ್ಷೆಗಳೇ ಹೆಚ್ಚು ಉಪಯುಕ್ತ: ರಕ್ತದೊತ್ತಡ, ಹೊಟ್ಟೆಯ ಸುತ್ತಳತೆ, ರಕ್ತದ ಸಕ್ಕರೆ, ಕೊಬ್ಬಿನಂಶ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್. ಸಸ್ಯಾಹಾರಿಗಳು ಬಿ12 ಜೀವಸತ್ವವನ್ನು ನೋಡಿಸಿಕೊಳ್ಳುವುದು ಒಳಿತು. ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ, ಚಿಕಿತ್ಸೆಯಲ್ಲಿ ನಿಜವಾಗಿ ಬೇಕಾಗುವ ಪರೀಕ್ಷೆಯೂ ಒಂದಿದೆ. ಅದು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ. ಹುಟ್ಟಿನಿಂದಲೇ ಈ ಕಿಣ್ವದ ಕೊರತೆಯಿರುವವರ ಕೆಂಪು ರಕ್ತಕಣಗಳು ಉತ್ಕರ್ಷಣವನ್ನು ತಾಳಲಾರವು. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್‌ನಂತಹ ಕೆಲವು ಔಷಧಗಳಿಂದ, ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್‌ನಿಂದ ಅವರ ರಕ್ತಕಣಗಳು ಒಡೆದು ಕಾಮಾಲೆ ಬರಬಹುದು. ಮನೆತನದಲ್ಲಿ ಇಂತಹ ತೊಂದರೆ ಕಂಡಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಮಾತ್ರೆಗಳ ಪಾಠ

ಹಣ್ಣು ತರಕಾರಿ ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆಯೆಂದು ಕಂಡಾಗ, ಅದರ ಸಾರವನ್ನು ಮಾತ್ರೆಯಾಗಿ ಕೊಟ್ಟರೆ ಇನ್ನೂ ಒಳಿತೆಂದು ವಿಜ್ಞಾನಿಗಳು ಆಶಿಸಿದ್ದರು. ಫಿನ್‌ಲ್ಯಾಂಡ್ ದೇಶದಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂದಿತು. ಬೀಟಾ ಕ್ಯಾರೊಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಅದೇ ಬಗೆಯ ಇನ್ನೊಂದು ಅಧ್ಯಯನವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಹೆಚ್ಚಿನ ಪ್ರಮಾಣದ ಇ ಜೀವಸತ್ವ ಸೇವಿಸಿದ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಿದ್ದುದು 2011ರಲ್ಲಿ ತಿಳಿದುಬಂದಿತು.

ಗಜ್ಜರಿ ತಿಂದವರಿಗೆ ಹೀಗಾಗಲಿಲ್ಲ. ಗಜ್ಜರಿಯಲ್ಲಿರುವ ಒಂದೇ ವಸ್ತುವನ್ನು ಮಾತ್ರೆಯಾಗಿ ಅತಿಯಾಗಿ ನುಂಗಿದವರಿಗೆ ಆಯಿತು. ತಂಬಾಕು ಬಳಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಮಾತ್ರೆ ತಮ್ಮನ್ನು ಕಾಯುತ್ತದೆಂದು ನಂಬಿದವರಿಗೇ ಅದು ಹಾನಿಮಾಡಿತು. ರಸಾಯನ ಪ್ರಕರಣದಲ್ಲಿ ನಮ್ಮ ಆಯುರ್ವೇದ ಗ್ರಂಥಗಳು ಒಂದು ಉಪಮೆಯನ್ನು ಹೇಳುತ್ತವೆ. ಶರೀರ ಶುದ್ಧಿಯಿಲ್ಲದೆ ಸೇವಿಸಿದ ರಸಾಯನವು ಕೊಳೆಯಾದ ಬಟ್ಟೆಗೆ ಹಾಕಿದ ಬಣ್ಣದಂತೆ ಹತ್ತದೆ ಹೋಗುತ್ತದೆ ಎಂಬುದು ಅದರ ತಾತ್ಪರ್ಯ. ಮೊದಲು ಬಟ್ಟೆಯನ್ನು ಒಗೆಯಬೇಕು.

ನಮ್ಮ ಔಷಧಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಚ್ಯವನಪ್ರಾಶದಲ್ಲಿ ಸಕ್ಕರೆಯ ಅಂಶ ಬಹಳ. ಮಧುಮೇಹಿಗಳು ಕೇಳದೆ ಸೇವಿಸಬಾರದು. ಅಡುಗೆಯ ಅರಿಶಿನ ನಿರಪಾಯಕಾರಿ, ಆದರೆ ಅದರ ಸಾಂದ್ರ ಸಾರದ ಮಾತ್ರೆಗಳಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವವರು ತಮ್ಮ ತಜ್ಞರನ್ನು ಕೇಳದೆ ಯಾವ ಆಂಟಿಆಕ್ಸಿಡೆಂಟ್ ಮಾತ್ರೆಯನ್ನೂ ಮುಟ್ಟಬಾರದು.

ಊಟದ ತಾಟಿನಲ್ಲಿ

ದಿನಕ್ಕೆ ಕನಿಷ್ಠ 400 ಗ್ರಾಮ್ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಪೇಟೆಯ ದುಬಾರಿ ಹಣ್ಣುಗಳು ಬೇಕಿಲ್ಲ. ಜೋಳದ ರೊಟ್ಟಿಯ ಜೊತೆಗೆ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ, ಮೂಲಂಗಿ, ಸೌತೆಕಾಯಿ ಇಟ್ಟುಕೊಂಡು ಉಣ್ಣುವ ನಮ್ಮ ಉತ್ತರ ಕರ್ನಾಟಕದ ರೂಢಿ ಈ ದೃಷ್ಟಿಯಿಂದ ಬಹಳ ಸೊಗಸಾದುದು. ಸಿ ಜೀವಸತ್ವ ಕಾವಿಗೆ ನಾಶವಾಗುವುದರಿಂದ ದಿನಕ್ಕೊಮ್ಮೆಯಾದರೂ ಹಸಿಯದು ತಟ್ಟೆಯಲ್ಲಿರಬೇಕು. ಅದನ್ನು ಚೆನ್ನಾಗಿ ತೊಳೆದಿರಬೇಕು. ನೆಲ್ಲಿಕಾಯಿ, ಪೇರಲಹಣ್ಣು, ನಿಂಬೆ ಇವು ಸಿ ಜೀವಸತ್ವದ ಭಂಡಾರಗಳು. ನೆಲ್ಲಿಕಾಯಿ ಸಿಗದ ಕಾಲದಲ್ಲಿ ಮೊಳಕೆ ಕಟ್ಟಿದ ಹೆಸರುಕಾಳಿಗೆ ನಿಂಬೆ ಹಿಂಡಿ ತಿನ್ನಬಹುದು. ಒಣಕಾಳಿನಲ್ಲಿ ಅತ್ಯಲ್ಪವಾಗಿರುವ ಸಿ ಜೀವಸತ್ವ ಮೊಳಕೆಯೊಡೆದಾಗ ಹೆಚ್ಚುತ್ತದೆ.

ಎಲ್ಲವೂ ಹಸಿಯಾಗಿಯೇ ಇರಬೇಕೆಂದಿಲ್ಲ. ಗಜ್ಜರಿ, ನುಗ್ಗೆಸೊಪ್ಪು, ಟೊಮೆಟೊಗಳ ಬಣ್ಣದ ಸತ್ವಗಳು ಕೊಬ್ಬಿನಲ್ಲಿ ಕರಗುವಂಥವು. ಅವನ್ನು ಬೇಯಿಸಿ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟಾಗ ದೇಹಕ್ಕೆ ಚೆನ್ನಾಗಿ ಹತ್ತುತ್ತವೆ. ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿದರೆ ಅದರ ಗುಣ ಹೆಚ್ಚು ಉಳಿಯುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಹಿಂಡಿಗಳು ಉತ್ತಮ. ಆದರೆ ಅವುಗಳ ಎಣ್ಣೆ ಬೇಗ ಕಮಟುವುದರಿಂದ ಹದಿನೈದು ದಿನಕ್ಕಾಗುವಷ್ಟೇ ಕುಟ್ಟಿ, ಮುಚ್ಚಿದ ಡಬ್ಬಿಯಲ್ಲಿ ಇಡಬೇಕು. ಒಗ್ಗರಣೆಯ ಕರಿಬೇವನ್ನು ಆರಿಸಿ ಬದಿಗಿಡುವ ಅಭ್ಯಾಸವನ್ನು ಬಿಡಬೇಕು. ಚಹಾದಲ್ಲಿಯೂ ಪಾಲಿಫಿನಾಲ್‌ಗಳಿವೆ, ಆದರೆ ಊಟದ ಜೊತೆಗೆ ಕುಡಿದರೆ ಅವು ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತವೆ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿರಲಿ.

ಬಿಡಬೇಕಾದುದೂ ಇದೆ. ಮಿರ್ಚಿ ಭಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಬಾಣಲೆಯಲ್ಲಿಯೇ ಉತ್ಕರ್ಷಣಗೊಂಡಿರುತ್ತದೆ. ಸಂಜೆ ಆ ಭಜಿ ತಿಂದು ಬೆಳಗ್ಗೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗುವುದರಲ್ಲಿ ಅರ್ಥವಿಲ್ಲ. ಮೂತ್ರಪಿಂಡದ ರೋಗಿಗಳು ಸೊಪ್ಪು, ಹಣ್ಣುಗಳ ಪ್ರಮಾಣವನ್ನು ತಮ್ಮ ವೈದ್ಯರಿಂದ ಕೇಳಿಯೇ ನಿರ್ಧರಿಸಬೇಕು.

ನಡತೆಯೂ ರಸಾಯನ

ಚರಕ ಸಂಹಿತೆಯ ಚಿಕಿತ್ಸಾಸ್ಥಾನವು ರಸಾಯನದಿಂದಲೇ ಆರಂಭವಾಗುತ್ತದೆ. ಅಲ್ಲಿ ನೆಲ್ಲಿಕಾಯಿ, ಅಳಲೆಕಾಯಿಗಳ ಯೋಗಗಳನ್ನು ವಿಸ್ತಾರವಾಗಿ ಹೇಳಿದ ಬಳಿಕ ಆಚಾರ ರಸಾಯನವೆಂಬ ಭಾಗ ಬರುತ್ತದೆ. ಸತ್ಯ ನುಡಿಯುವುದು, ಕೋಪವನ್ನು ಗೆಲ್ಲುವುದು, ಮದ್ಯದಿಂದ ದೂರವಿರುವುದು, ನಿದ್ರೆ ಎಚ್ಚರಗಳಲ್ಲಿ ಸಮತೆ ಇವುಗಳನ್ನೇ ಅಲ್ಲಿ ರಸಾಯನವೆಂದು ಕರೆದಿದ್ದಾರೆ. ಇಂದಿನ ರಸಾಯನಶಾಸ್ತ್ರದ ಮಾತುಗಳನ್ನು ಆ ಗ್ರಂಥದೊಳಗೆ ಬಲವಂತವಾಗಿ ತುರುಕುವುದು ನಮಗೆ ಒಪ್ಪಿಗೆಯಿಲ್ಲ. ಆದರೂ ಒಳ್ಳೆಯ ನಿದ್ರೆ, ಮಿತವಾದ ಊಟ, ನಿತ್ಯದ ದುಡಿಮೆ ದೇಹದ ಕಾವಲನ್ನು ಬಲಪಡಿಸುತ್ತವೆಂಬುದರಲ್ಲಿ ಹಿಂದಿನವರಿಗೂ ಇಂದಿನವರಿಗೂ ಭಿನ್ನಾಭಿಪ್ರಾಯವಿಲ್ಲ. ವ್ಯಾಯಾಮದಲ್ಲಿ ಚಂಚಲ ಕಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಅದನ್ನೇ ಸೂಚನೆಯಾಗಿ ಗ್ರಹಿಸಿ ದೇಹವು ತನ್ನ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ.

ಆ ಒಕ್ಕಲಿಗ ಬಂಧುಗಳಿಗೆ ನಾವು ರಕ್ತದೊತ್ತಡದ ಗುಳಿಗೆಯನ್ನು ಅಂದೇ ಮತ್ತೆ ಆರಂಭಿಸುವಂತೆ ಹೇಳಿದೆವು. ಮಾತ್ರೆಗೆ ವೆಚ್ಚವಾಗುತ್ತಿದ್ದ ಹಣದಲ್ಲಿ ಮನೆಮಂದಿಗೆಲ್ಲ ಹಣ್ಣು, ಕಾಯಿಪಲ್ಲೆ ತರಬಹುದೆಂದು ಅವರ ಮಡದಿಯೇ ಲೆಕ್ಕ ಹಾಕಿ ಹೇಳಿದರು. ತಂಬಾಕು ಎರಡು ಸಲ ಬಿಟ್ಟು ಎರಡು ಸಲ ಮರಳಿತು. ಮೂರನೆಯ ಸಲ ಬಿಟ್ಟು ಈಗ ಐದು ತಿಂಗಳಾಗಿವೆ. ಆಂಟಿಆಕ್ಸಿಡೆಂಟ್ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕೆ ಎಂದು ಅವರು ಮೊನ್ನೆ ಕೇಳಿದರು. ಬೇಕಿಲ್ಲ, ರಕ್ತದೊತ್ತಡವನ್ನು ತಿಂಗಳಿಗೊಮ್ಮೆ ನೋಡಿಸಿಕೊಂಡರೆ ಸಾಕು ಎಂದೆವು. ಓದುಗರಿಗೂ ನಮ್ಮ ಸಲಹೆ ಇಷ್ಟೇ. ವರದಿಯ ಒಂದು ಅಂಕಿಗೆ ಹೆದರಿ, ಸೇವಿಸುತ್ತಿರುವ ಔಷಧವನ್ನು ನಿಲ್ಲಿಸಬೇಡಿರಿ. ಅದೇ ಅಂಕಿಯನ್ನು ನಂಬಿ ದುರಭ್ಯಾಸವನ್ನು ಮುಂದುವರಿಸಬೇಡಿರಿ.